ಅಡಿಗಲ್ಲಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು

(ಹುಬ್ಬಳ್ಳಿಯಲ್ಲಿ ಸಮುದಾಯದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ಭಾಷಣದ ವಿಷಯ ಕೇಳಿ ಕೆಲವರಿಗಾದರೂ ಅಚ್ಚರಿಯಾಗಿರಬಹುದು. ಶಿಕ್ಷಣ, ವಕ್ಫ್ ಆಸ್ತಿ, ಮೀಸಲಾತಿ, ವರದಕ್ಷಿಣೆ ಇವು ನಮ್ಮ ವೇದಿಕೆಗಳಿಗೆ ಪರಿಚಿತವಾದ ವಿಷಯಗಳು. ರೈಲು ಮಾರ್ಗ, ಹೆದ್ದಾರಿ, ಅಣೆಕಟ್ಟು, ಅವುಗಳ ಪರಿಸರ ಪರಿಣಾಮದ ಪರಿಶೀಲನೆ ಎಂಬುದೆಲ್ಲ ಬೇರೆ ಯಾರದೋ ಚಿಂತೆ, ಅಧಿಕಾರಿಗಳ ಮತ್ತು ಪರಿಸರವಾದಿಗಳ ನಡುವಿನ ವ್ಯವಹಾರ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಭಾವನೆಯ ಬೆಲೆಯನ್ನು ನಾವು ಹೇಗೆ ತೆರುತ್ತಿದ್ದೇವೆ ಎಂಬುದನ್ನು ನಮ್ಮ ಊರಿನ ಉದಾಹರಣೆಗಳಿಂದಲೇ ನೋಡೋಣ.

2025ರ ಜನವರಿ 22ರ ನಸುಕಿನ ಘಟನೆಯನ್ನು ತಾವು ಮರೆತಿರಲಾರಿರಿ. ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿಯು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿತು. ಸರಕಿನ ಮೇಲೆಯೇ ಕುಳಿತು ಪ್ರಯಾಣಿಸುತ್ತಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ 10 ಮಂದಿ ಮೃತಪಟ್ಟರು. ನಮ್ಮ ಸಮುದಾಯದ ಬಡ ಕುಟುಂಬಗಳ ದುಡಿಯುವ ಕೈಗಳವು. ಆ ದಿನ ಅನೇಕರ ಬಾಯಲ್ಲಿ ಬಂದ ಮಾತೊಂದಿತ್ತು: ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಆಗಿದ್ದರೆ ಈ ಘಟ್ಟದ ರಸ್ತೆಯ ಮೇಲಿನ ಭಾರ ಎಷ್ಟೋ ತಗ್ಗುತ್ತಿತ್ತಲ್ಲವೇ? ಅರಬೈಲ್ ಘಟ್ಟದಲ್ಲಿ ಹಗಲಿರುಳು ಸಾಗುವ ಲಾರಿಗಳ ಸಾಲನ್ನು ಕಂಡವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಕರಾವಳಿಯೊಂದಿಗೆ ರೈಲು ಸಂಪರ್ಕ ಬೇಕೆಂಬ ಹುಬ್ಬಳ್ಳಿಯ ವರ್ತಕರ ಬೇಡಿಕೆ ನ್ಯಾಯವಾದದ್ದೇ.

ಹಾಗಾದರೆ ಆ ರೈಲು ಏಕೆ ಬರಲಿಲ್ಲ? ಪರಿಸರವಾದಿಗಳು ಅಡ್ಡಿಪಡಿಸಿದರು ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿದೆ. ಕಡತಗಳ ಇತಿಹಾಸವು ಬೇರೆಯದನ್ನೇ ಹೇಳುತ್ತದೆ.

ಸುಮಾರು 165 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ 1996-97ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾತಿ ದೊರೆಯಿತು. ಅರಣ್ಯ ಇಲಾಖೆಯ ಅನುಮತಿ ಕೈಸೇರುವ ಮೊದಲೇ ಅಡಿಗಲ್ಲು ಬಿತ್ತು. ಹುಬ್ಬಳ್ಳಿಯಿಂದ ಕಿರವತ್ತಿಯವರೆಗಿನ ಬಯಲಿನ ಭಾಗದಲ್ಲಿ ಕಾಮಗಾರಿಗೂ ಕೈಹಾಕಲಾಯಿತು. ಆದರೆ ನಿಜವಾದ ಪ್ರಶ್ನೆ ಇದ್ದದ್ದು ಕಿರವತ್ತಿಯಿಂದಾಚೆಗೆ, ಪಶ್ಚಿಮ ಘಟ್ಟದ ದಟ್ಟಾರಣ್ಯದಲ್ಲಿ. 2004ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರಸ್ತಾವವನ್ನು ತಿರಸ್ಕರಿಸಿತು. ಮೊದಲು 900 ಹೆಕ್ಟೇರಿಗೂ ಮಿಕ್ಕಿ ಅರಣ್ಯಭೂಮಿ ಕೇಳಿದ್ದ ರೈಲ್ವೆಯು ನಕ್ಷೆಯನ್ನು ಮತ್ತೆ ಮತ್ತೆ ತಿದ್ದಿ 595 ಹೆಕ್ಟೇರಿಗೆ ಇಳಿಸಿತು. ಆಗಲೂ ಉರುಳಬೇಕಾದ ಮರಗಳ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು. ದಾರಿಯ ಇಕ್ಕೆಲದಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಬೇಡ್ತಿ ಸಂರಕ್ಷಿತ ಪ್ರದೇಶ, ಆನೆಗಳ ಸಂಚಾರದ ಹಾದಿ. ಸುಪ್ರೀಂ ಕೋರ್ಟಿಗೆ ನೆರವಾಗುವ ಕೇಂದ್ರೀಯ ಉನ್ನತಾಧಿಕಾರ ಸಮಿತಿಯು 2015ರಲ್ಲಿ, ಈ ಯೋಜನೆಯಿಂದಾಗುವ ಹಾನಿಯು ಲಾಭಕ್ಕಿಂತ ಬಹಳ ದೊಡ್ಡದು ಎಂಬ ಅಭಿಪ್ರಾಯ ನೀಡಿತು. 2020ರ ಮಾರ್ಚ್ 20ರಂದು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಹೀಗೆ ಮಂಜೂರಾತಿ ದೊರೆತಾಗ ಹುಟ್ಟಿದ ಮಕ್ಕಳು ಇಂದು ತಂದೆ ತಾಯಿಯರಾಗಿದ್ದಾರೆ. ಕರಾವಳಿಯ ರೈಲು ಇನ್ನೂ ಹುಬ್ಬಳ್ಳಿಯಿಂದ ಹೊರಟಿಲ್ಲ.

ಇದಕ್ಕೆ ನಿಜವಾದ ಕಾರಣವನ್ನು ಗಮನಿಸಬೇಕು. ಬಳ್ಳಾರಿ-ಹೊಸಪೇಟೆಯ ಕಬ್ಬಿಣದ ಅದಿರನ್ನು ಬಂದರಿಗೆ ಸಾಗಿಸುವುದೇ ಈ ಮಾರ್ಗದ ಆದಾಯದ ದೊಡ್ಡ ಲೆಕ್ಕಾಚಾರವಾಗಿತ್ತು. 2010ರಲ್ಲಿ ಬೇಲೆಕೇರಿ ಬಂದರಿನ ಅಕ್ರಮ ಅದಿರಿನ ಹಗರಣ ಬಯಲಾಯಿತು. ಅದೇ ವರ್ಷ ರಾಜ್ಯ ಸರಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಲೆಕ್ಕದ ಬುನಾದಿಯೇ ಕುಸಿದ ಮೇಲೂ ಯೋಜನೆ ಮಾತ್ರ ಹಳೆಯ ಉತ್ಸಾಹದಲ್ಲೇ ಮುಂದುವರಿಯಿತು, ಏಕೆಂದರೆ ಅಡಿಗಲ್ಲು ಬಿದ್ದಾಗಿತ್ತು, ಹಣ ಸುರಿದಾಗಿತ್ತು, ಪ್ರತಿ ಚುನಾವಣೆಯಲ್ಲೂ ಅದು ಭರವಸೆಯಾಗಿ ಬಿಕರಿಯಾಗುತ್ತಿತ್ತು. ಸವಣೂರಿನ ತರಕಾರಿ ವ್ಯಾಪಾರಿಗೆ ಕಡಿಮೆ ಹಾನಿಯ ಬೇರೆ ಮಾರ್ಗ ಸಾಧ್ಯವೇ, ಇರುವ ಘಟ್ಟದ ರಸ್ತೆಯನ್ನೇ ಸುರಕ್ಷಿತಗೊಳಿಸಲು ಏನು ಬೇಕು ಎಂಬ ಪ್ರಶ್ನೆಗಳನ್ನು ಮೊದಲ ದಿನವೇ ಕೇಳಬೇಕಿತ್ತು. ಆಗ ಕೇಳದ ಪ್ರಶ್ನೆಗಳನ್ನೇ ನ್ಯಾಯಾಲಯಗಳಲ್ಲಿ, ಸಮಿತಿಗಳಲ್ಲಿ ಕಾಲು ಶತಮಾನ ಕೇಳಬೇಕಾಯಿತು. ಕಾಡೂ ನಿಶ್ಚಿಂತೆಯಿಂದ ಉಳಿಯಲಿಲ್ಲ, ವ್ಯಾಪಾರಿಗೆ ರೈಲೂ ಸಿಗಲಿಲ್ಲ.

ಯೋಜನೆಗಿಂತ ಮೊದಲು ಅದರ ಪರಿಣಾಮವನ್ನು ಅಳೆಯಬೇಕೆಂಬ ಕಾನೂನು ನಮ್ಮಲ್ಲಿ ಇಲ್ಲವೇ? ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1994ರ ಜನವರಿ 27ರಂದು ಪರಿಸರ ಪರಿಣಾಮ ಮೌಲ್ಯಮಾಪನದ ಮೊದಲ ಅಧಿಸೂಚನೆ ಹೊರಬಂತು. 1997ರಲ್ಲಿ ಜನರ ಅಹವಾಲು ಕೇಳುವುದು ಕಡ್ಡಾಯವಾಯಿತು. ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಮತ್ತು ಅದಕ್ಕಾದ ಹಲವಾರು ತಿದ್ದುಪಡಿಗಳು.

ಇದರ ಪ್ರಕಾರ ಗಣಿ, ಅಣೆಕಟ್ಟು, ವಿದ್ಯುತ್ ಸ್ಥಾವರ, ಬಂದರು, ವಿಮಾನ ನಿಲ್ದಾಣ, ಹೆದ್ದಾರಿ, ನಗರದ ಕಸ ವಿಲೇವಾರಿ ಘಟಕ ಮುಂತಾದವು ಕೆಲಸ ಆರಂಭಿಸುವ ಮೊದಲು ಪರಿಸರ ಅನುಮತಿ ಪಡೆಯಬೇಕು. ದೊಡ್ಡವು ಎ ವರ್ಗ, ಅವುಗಳ ತೀರ್ಮಾನ ದೆಹಲಿಯಲ್ಲಿ. ಉಳಿದವು ಬಿ ವರ್ಗ, ತೀರ್ಮಾನ ರಾಜ್ಯ ಮಟ್ಟದ ಪ್ರಾಧಿಕಾರದ್ದು. ಯಾವ ಯಾವ ಅಂಶಗಳನ್ನು ಅಧ್ಯಯನ ಮಾಡಬೇಕೆಂದು ತಜ್ಞರ ಸಮಿತಿ ಮೊದಲು ಗೊತ್ತುಪಡಿಸುತ್ತದೆ. ಅದರಂತೆ ಯೋಜನೆಯವರು ನೀರು, ಗಾಳಿ, ಕಾಡು, ಜನವಸತಿ ಇವುಗಳ ಮೇಲಾಗುವ ಪರಿಣಾಮದ ಕರಡು ವರದಿ ಸಿದ್ಧಪಡಿಸುತ್ತಾರೆ. ಬದಲಿ ಸ್ಥಳ ಅಥವಾ ಬದಲಿ ಮಾರ್ಗದ ವಿಚಾರವೂ ಅದರಲ್ಲಿರಬೇಕು. ಬಳಿಕ ಜನರ ಮುಂದೆ ಆಲಿಕೆ. ಕೊನೆಗೆ ತಜ್ಞರ ಸಮಿತಿಯ ಪರಾಮರ್ಶೆ ಮತ್ತು ತೀರ್ಮಾನ.

ಈ ಸರಪಳಿಯಲ್ಲಿ ಸಾಮಾನ್ಯ ನಾಗರಿಕನ ಕೈಗೆ ಸಿಗುವ ಕೊಂಡಿ ಒಂದೇ, ಅದು ಸಾರ್ವಜನಿಕ ಆಲಿಕೆ ಸಭೆ. ಆದ್ದರಿಂದ ಅದರ ಬಗ್ಗೆ ತುಸು ವಿವರವಾಗಿ ಹೇಳುವುದು ಅಗತ್ಯ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲೇ ಏರ್ಪಡಿಸಬೇಕು. ಒಂದು ರಾಷ್ಟ್ರೀಯ ದಿನಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರಿಗೆ ಕನಿಷ್ಠ 30 ದಿನಗಳ ಕಾಲಾವಕಾಶ ನೀಡಬೇಕು. ಕರಡು ವರದಿಯು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಮಹಾನಗರ ಪಾಲಿಕೆ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಜನರ ಓದಿಗೆ ಲಭ್ಯವಿರಬೇಕು. ಅದರ ಸಾರಾಂಶ ಕನ್ನಡದಲ್ಲಿಯೂ ಇರಬೇಕು. ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯವರದು, ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು. ಸಭೆಯ ಪೂರ್ಣ ಚಿತ್ರೀಕರಣವಾಗಬೇಕು. ಹೇಳಿದ ಮಾತುಗಳ ನಡಾವಳಿಯನ್ನು ಸಭೆಯ ಕೊನೆಗೆ ಜನರ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಸಹಿ ಮಾಡಬೇಕು. ಅಲ್ಲಿ ಎದ್ದ ಪ್ರತಿಯೊಂದು ಆಕ್ಷೇಪಕ್ಕೆ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ಇನ್ನೊಂದು ವಿಷಯವನ್ನು ವಿಶೇಷವಾಗಿ ಗಮನಿಸಿ: ಈ ಸಭೆಗೆ ಇಂತಿಷ್ಟು ಜನ ಸೇರಲೇಬೇಕೆಂಬ ನಿಯಮವಿಲ್ಲ. ಐದು ಮಂದಿ ಬಂದರೂ ಕಾನೂನಿನ ದೃಷ್ಟಿಯಲ್ಲಿ ಆಲಿಕೆ ನಡೆದಂತೆಯೇ. ನಾವು ಹೋಗದಿದ್ದರೆ ಸಭೆ ನಿಲ್ಲುವುದಿಲ್ಲ, ನಮ್ಮ ಆಕ್ಷೇಪವಿಲ್ಲ ಎಂದು ದಾಖಲಾಗುತ್ತದೆ ಅಷ್ಟೆ.

ಈ ವ್ಯವಸ್ಥೆ ದೋಷರಹಿತವೇನೂ ಅಲ್ಲ. ಪರಿಣಾಮದ ವರದಿ ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆಯವರೇ. ಹುಡುಗನ ಕಡೆಯವರೇ ಕಾಜಿಗೆ ಸಂಬಳ ಕೊಟ್ಟಂತೆ! ಹೆದ್ದಾರಿ ವಿಸ್ತರಣೆಗೆ 100 ಕಿಲೋಮೀಟರಿನ ಮಿತಿ ಇದೆ ಎಂದಾಗ, ಒಂದೇ ರಸ್ತೆಯನ್ನು ತುಂಡು ತುಂಡಾಗಿ ತೋರಿಸಿ ಪಾರಾಗುವ ಜಾಣ್ಮೆಯೂ ನಮ್ಮ ದೇಶದಲ್ಲಿದೆ. ಉತ್ತರಾಖಂಡದ ಸುಮಾರು 900 ಕಿಲೋಮೀಟರಿನ ಚಾರ್‌ಧಾಮ್ ರಸ್ತೆಯನ್ನು 53 ಕಾಮಗಾರಿಗಳಾಗಿ ಒಡೆದದ್ದನ್ನು ದೇಶವೇ ನೋಡಿದೆ. ಜನರ ವಿರೋಧವಿದ್ದ ಮಾತ್ರಕ್ಕೆ ಯೋಜನೆ ನಿಲ್ಲುವುದಿಲ್ಲ ಎಂಬುದೂ ಸತ್ಯ. 2018ರ ಡಿಸೆಂಬರ್‌ನಲ್ಲಿ ಕೈಗಾ ಅಣುಸ್ಥಾವರದ 5 ಮತ್ತು 6ನೇ ಘಟಕಗಳಿಗಾಗಿ ನಡೆದ ಆಲಿಕೆಯಲ್ಲಿ ತೀವ್ರ ವಿರೋಧ ಕೇಳಿಬಂತು, ಆದರೂ 2019ರಲ್ಲಿ ಪರಿಸರ ಅನುಮತಿ ದೊರೆಯಿತು. ಆಲಿಕೆಯು ಮತದಾನವಲ್ಲ. ಆದರೆ ಅಲ್ಲಿ ದಾಖಲಾದ ಮಾತು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ಬೀದಿಯಲ್ಲಿ ಕೂಗಿದ ಘೋಷಣೆಗೆ ಆ ಬಲವಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಈ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವೇ ಇಲ್ಲ. ಹೆದ್ದಾರಿಗೆ ಬೇಕಾದ ಅನುಮತಿ ರೈಲಿಗೆ ಬೇಡ! ಹೀಗಾಗಿ ಎರಡು ಲಕ್ಷ ಮರಗಳನ್ನು ಬೇಡುವ ಹುಬ್ಬಳ್ಳಿ-ಅಂಕೋಲಾ ಯೋಜನೆಗೆ ಸಾರ್ವಜನಿಕ ಆಲಿಕೆ ಕಡ್ಡಾಯವಾಗಿರಲಿಲ್ಲ. ಅದರ ಪರಿಶೀಲನೆ ನಡೆದದ್ದು 1980ರ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಕಾಯ್ದೆಗಳ ಹಿತ್ತಿಲ ಬಾಗಿಲಿನಿಂದ, ಅಂದರೆ ಕಡತಗಳ ಮೂಲಕ, ಸಮಿತಿಗಳ ಕೊಠಡಿಗಳಲ್ಲಿ. ಹುಬ್ಬಳ್ಳಿಯ ವರ್ತಕನನ್ನೂ ಯಲ್ಲಾಪುರದ ಕಾಡಿನಂಚಿನ ಸಿದ್ದಿಯನ್ನೂ ಒಂದೇ ಸೂರಿನಡಿ ಕೂರಿಸಿ, ಇಬ್ಬರ ಮಾತನ್ನೂ ಒಂದೇ ನಡಾವಳಿಯಲ್ಲಿ ಬರೆಯುವ ಏರ್ಪಾಡು ಆರಂಭದಲ್ಲೇ ಇರಲಿಲ್ಲ. ಆದ್ದರಿಂದ ಇವನಿಗೆ ಅವನು ಅಭಿವೃದ್ಧಿಯ ಶತ್ರುವಾಗಿ ಕಂಡ, ಅವನಿಗೆ ಇವನು ಕಾಡಿನ ಶತ್ರುವಾಗಿ ಕಂಡ. ಅಂದ ಹಾಗೆ, 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಆ ಸಿದ್ದಿಗಳಲ್ಲಿ ನಮ್ಮ ದೀನೀ ಸಹೋದರರೂ ಇದ್ದಾರೆ. ನಮ್ಮ ಎಷ್ಟು ಸಭೆಗಳಲ್ಲಿ ಅವರ ಹೆಸರು ಬಂದಿದೆ?

ಘಟ್ಟದ ನೆಲವೂ ತನ್ನ ಸಾಕ್ಷ್ಯವನ್ನು ಹೇಳಿಯೇ ಇದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ತೋಟ, ಮನೆಗಳು ನಾಶವಾದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡವೇ ಜಾರಿ ರಸ್ತೆಬದಿಯ ಹೋಟೆಲನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಕೇರಳದ ಲಾರಿ ಚಾಲಕನೊಬ್ಬನ ಶವ ನದಿಯಿಂದ ಮೇಲೆ ಬರಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಪರಿಸರದ ಪರಿಶೀಲನೆ ಹುಲಿಗಾಗಿ, ಮಂಗಟ್ಟೆ ಹಕ್ಕಿಗಾಗಿ ಮಾತ್ರ ಎನ್ನುವವರು ಶಿರೂರಿನಲ್ಲಿ ಸತ್ತವರು ಯಾರೆಂದು ನೋಡಬೇಕು. ಚಹಾ ಕುಡಿಯಲು ನಿಂತ ಚಾಲಕರು, ಚಹಾ ಮಾರುತ್ತಿದ್ದ ಕುಟುಂಬ.

ಇನ್ನು ನಮ್ಮ ಊರಿನೊಳಗಿನ ಮಾತು. ಇದನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಬೈರಿದೇವರಕೊಪ್ಪದ ಹಝ್ರತ್ ಸೈಯದ್ ಮಹಮೂದ್ ಶಾ ಖಾದ್ರಿಯವರ ದರ್ಗಾದ ಕಟ್ಟಡವನ್ನು ಬಿಆರ್‌ಟಿಎಸ್ ರಸ್ತೆಗಾಗಿ ಪೊಲೀಸ್ ಬಂದೋಬಸ್ತಿನಲ್ಲಿ ತೆರವುಗೊಳಿಸಲಾಯಿತು. ಇತರ ಧರ್ಮಗಳ ಪೂಜಾಸ್ಥಳಗಳನ್ನೂ ಇದೇ ರಸ್ತೆಗಾಗಿ ತೆರವುಗೊಳಿಸಲಾಗಿದೆ ಎಂದು ಸರಕಾರ ಹೇಳಿತು. ದರ್ಗಾದವರು ಕಾನೂನಿನ ದಾರಿಯಲ್ಲೇ ಹೋರಾಡಿದರು, ಅವರ ಶ್ರಮವನ್ನು ನಾವು ಗೌರವಿಸುತ್ತೇವೆ. ನಮ್ಮ ಪ್ರಶ್ನೆ ಇಡೀ ಸಮುದಾಯಕ್ಕೆ. ಚಿಗರಿ ಬಸ್ಸುಗಳು 2018ರಿಂದಲೇ ಓಡಾಡುತ್ತಿದ್ದವು. ಅಂದರೆ ರಸ್ತೆಯ ನಕ್ಷೆ ಅದಕ್ಕೂ ಎಷ್ಟೋ ವರ್ಷ ಹಳೆಯದು. ವಿಶ್ವಬ್ಯಾಂಕಿನ ನೆರವು ಇದ್ದುದರಿಂದ ಈ ಯೋಜನೆಗೆ ಪರಿಸರ ಮತ್ತು ಸಾಮಾಜಿಕ ಪರಿಣಾಮದ ಅಧ್ಯಯನವೂ ಇತ್ತು, ಅಭಿಪ್ರಾಯ ಹೇಳುವ ಅವಕಾಶವೂ ಇತ್ತು. ಮರಗಳು, ಅಂಗಡಿಗಳು, ಮನೆಗಳು, ಗೋರಿಗಳು ಯಾವ ಗೆರೆಯೊಳಗೆ ಬರುತ್ತವೆ ಎಂಬುದು ಕಾಗದದ ಮೇಲೆ ಬರೆಯಲ್ಪಡುತ್ತಿದ್ದಾಗ ನಮ್ಮಲ್ಲಿ ಎಷ್ಟು ಮಂದಿ ಆ ಕಾಗದವನ್ನು ಓದಿದ್ದೆವು? ಕಾಗದದ ಮೇಲಿನ ಗೆರೆಯನ್ನು ರಬ್ಬರಿನಿಂದ ಅಳಿಸಬಹುದಾದ ಕಾಲವೊಂದಿರುತ್ತದೆ. ಆ ಕಾಲದಲ್ಲಿ ನಾವು ಮಲಗಿರುತ್ತೇವೆ, ಜೆಸಿಬಿ ಬಂದ ದಿನ ಎದ್ದು ಓಡುತ್ತೇವೆ. ಆ ದಿನ ನಮ್ಮ ಯುವಕರ ಕೋಪಕ್ಕೆ ಸಿಗುವುದು ಮೊಕದ್ದಮೆ, ರಾಜಕಾರಣಿಗಳಿಗೆ ಸಿಗುವುದು ಮತ.

ಕಾರವಾರ ರಸ್ತೆಯ ಕಸದ ರಾಶಿಯ ವಿಷಯವೂ ಬೇರೆಯಲ್ಲ. ಕಸದ ಘಟಕ, ಕೊಳಚೆ ನೀರಿನ ಘಟಕ ಇವುಗಳಿಗೆ ಜಾಗ ಹುಡುಕುವಾಗ ಅಧಿಕಾರಿಗಳ ಬೆರಳು ಮೊದಲು ಬೀಳುವುದು ಪ್ರಶ್ನೆ ಕೇಳದ ಜನ ಇರುವ ಕಡೆಗೆ. ಹೊಗೆಯಿಂದ ಮಗುವಿಗೆ ಉಬ್ಬಸ ಬಂದ ಮೇಲೆ ಪಾಲಿಕೆಗೆ ಮನವಿ ಕೊಡುವುದು ತಪ್ಪಲ್ಲ, ಆದರೆ ತಡವಾದದ್ದು.

ಅಲ್ಲಾಹನು ಮನುಷ್ಯನನ್ನು ಭೂಮಿಯಲ್ಲಿ ಖಲೀಫಾ ಆಗಿ ನೇಮಿಸಿದ್ದಾನೆಂದು ನಾವು ನಂಬುತ್ತೇವೆ. ಭೂಮಿ, ನೀರು, ಕಾಡು ಇವು ನಮ್ಮ ಒಡೆತನದ ಸೊತ್ತಲ್ಲ, ನಮ್ಮ ಕೈಯಲ್ಲಿಟ್ಟ ಅಮಾನತ್ತು. ಅಮಾನತ್ತಿನ ಲೆಕ್ಕ ಕೊಡಬೇಕಾದವನು ಖರ್ಚಿಗೆ ಮೊದಲೇ ಲೆಕ್ಕ ಹಾಕುತ್ತಾನೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ಶೂರಾ, ಅಂದರೆ ಸಮಾಲೋಚನೆ ಎಂದೇ ಹೆಸರಿದೆ. ಪ್ರವಾದಿ(ಸ)ರವರು ಮದೀನಾದ ಹರಮ್ ಮೇರೆಯೊಳಗೆ ಮರ ಕಡಿಯುವುದನ್ನು ನಿಷೇಧಿಸಿದ್ದರು. ಸಾರ್ವಜನಿಕ ಹಿತಕ್ಕಾಗಿ ಕಾಯ್ದಿರಿಸಿದ ಹುಲ್ಲುಗಾವಲಿಗೆ ಹಿಮಾ ಎಂದು ಕರೆಯುತ್ತಿದ್ದರು.

ಹಿಮಾದ ವಿಷಯದಲ್ಲಿ ದ್ವಿತೀಯ ಖಲೀಫಾ ಹಝ್ರತ್ ಉಮರ್(ರ)ರವರು ತಮ್ಮ ಅಧಿಕಾರಿಗೆ ಕೊಟ್ಟ ಆದೇಶವು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಕೆಲವೇ ಒಂಟೆ, ಕೆಲವೇ ಆಡುಗಳಿರುವ ಬಡವನನ್ನು ಒಳಗೆ ಬಿಡಬೇಕು, ಶ್ರೀಮಂತ ಸಹಾಬಿಗಳ ಮಂದೆಗಳನ್ನು ಬಿಡಬಾರದು ಎಂಬುದು ಅದರ ತಾತ್ಪರ್ಯ. ಕಾರಣವನ್ನೂ ಅವರೇ ವಿವರಿಸಿದ್ದರು. ಶ್ರೀಮಂತರ ಮಂದೆ ಸತ್ತರೆ ಅವರಿಗೆ ತೋಟ, ಹೊಲಗಳಿವೆ. ಬಡವನ ನಾಲ್ಕು ಪ್ರಾಣಿಗಳು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ರಾಜ್ಯದ ಬಾಗಿಲಿಗೆ ಬರುತ್ತಾನೆ, ಆಗ ಹುಲ್ಲಿಗಿಂತ ದುಬಾರಿಯಾದ ಚಿನ್ನ ಬೆಳ್ಳಿಯನ್ನೇ ಕೊಡಬೇಕಾಗುತ್ತದೆ. ಆ ನೆಲದ ಜನ ತಮಗೆ ಅನ್ಯಾಯವಾಗಿದೆಯೆಂದು ಭಾವಿಸಬಹುದು, ನೆಲ ಅವರದೇ ತಾನೇ ಎಂಬುದನ್ನೂ ಖಲೀಫಾ ಮುಚ್ಚಿಡಲಿಲ್ಲ. ಒಂದು ನಿರ್ಧಾರದಿಂದ ಯಾರಿಗೆ ಎಷ್ಟು ನಷ್ಟ, ಆ ನಷ್ಟ ಮುಂದೆ ಯಾರ ಹೆಗಲಿಗೆ ಬರುತ್ತದೆ, ಯಾರು ಅದನ್ನು ತಾಳಿಕೊಳ್ಳಬಲ್ಲರು ಎಂಬ ಈ ಲೆಕ್ಕವೇ ಪರಿಣಾಮ ಮೌಲ್ಯಮಾಪನದ ತಿರುಳು. ಇಂದಿನ ನೂರಾರು ಪುಟಗಳ ವರದಿಗಳಲ್ಲಿ ಮರಗಳ ಲ್ಯಾಟಿನ್ ಹೆಸರುಗಳಿರುತ್ತವೆ, ಆದರೆ ಈ ಲೆಕ್ಕ ಅನೇಕ ಬಾರಿ ಕಾಣಿಸುವುದಿಲ್ಲ.

ನಮ್ಮಂತಹವರಿಗೆ ಇದೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ಇದೇ ಬೇಡ್ತಿ ಕಣಿವೆಯ ಒಂದು ಉತ್ತರವಿದೆ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ದೇಶದಲ್ಲಿ ಇಂತಹ ಮೌಲ್ಯಮಾಪನದ ಅಧಿಸೂಚನೆಯೇ ಇರಲಿಲ್ಲ. ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘದವರು 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು ತಮ್ಮೂರಿಗೇ ಕರೆಸಿ ವಿಚಾರ ಸಂಕಿರಣ ನಡೆಸಿದರು. ಎಷ್ಟು ತೋಟ, ಎಷ್ಟು ಕಾಡು ಮುಳುಗುತ್ತದೆ, ಅದರ ಬೆಲೆಯೆಷ್ಟು, ಬರುವ ವಿದ್ಯುತ್ತಿನ ಬೆಲೆಯೆಷ್ಟು ಎಂದು ಸರಕಾರದ ಲೆಕ್ಕವನ್ನು ಲೆಕ್ಕದಿಂದಲೇ ಪ್ರಶ್ನಿಸಿದರು. ಯೋಜನೆ ಕೈಬಿಟ್ಟುಹೋಯಿತು. ಅವರೇನೂ ನಮಗಿಂತ ಬೇರೆ ಮಣ್ಣಿನವರಲ್ಲ. ಅವರ ಬಳಿ ಒಂದು ಸಹಕಾರಿ ಸಂಘವಿತ್ತು, ನಮ್ಮ ಬಳಿ ಪ್ರತಿ ಮೊಹಲ್ಲಾಕ್ಕೊಂದು ಜಮಾಅತ್ ಇದೆ.

ಭಾಷೆಯ ತೊಡಕನ್ನು ಕೆಲವರು ಮುಂದಿಡುತ್ತಾರೆ. ಅದೂ ಹೋರಾಡಿ ಪಡೆಯಬೇಕಾದ ಹಕ್ಕೇ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಹೊಸ ಕರಡು ಅಧಿಸೂಚನೆ ತಂದು ಆಲಿಕೆಯ 30 ದಿನಗಳ ಅವಧಿಯನ್ನು 20ಕ್ಕೆ ಇಳಿಸಲು ಹೊರಟಿತು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಜನರ ಭಾಷೆಗಳಲ್ಲಿ ಅದನ್ನು ಪ್ರಕಟಿಸುವಂತೆ ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಆ ಕರಡು ಅಂತಿಮ ರೂಪ ಪಡೆಯಲೇ ಇಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಪ್ರತಿ ಜಮಾಅತ್ ಓದು ಬಲ್ಲ ಇಬ್ಬರನ್ನು, ಸಾಧ್ಯವಾದರೆ ಒಬ್ಬ ಸಹೋದರಿಯನ್ನೂ ಸೇರಿಸಿ, ಈ ಕೆಲಸಕ್ಕೆ ಗೊತ್ತುಪಡಿಸಲಿ. ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ಮಾಲಿನ್ಯ ಮಂಡಳಿಯ ಪ್ರಕಟಣೆಗಳನ್ನು ಅವರು ನೋಡುತ್ತಿರಲಿ. ಧಾರವಾಡದ ಜಿಲ್ಲಾಧಿಕಾರಿ ಕಚೇರಿಗೂ ಮಂಡಳಿಯ ಪ್ರಾದೇಶಿಕ ಕಚೇರಿಗೂ ಹೋಗಿ ಕರಡು ವರದಿ ಕೇಳಿ ಓದಲಿ. ಸಭೆಯಲ್ಲಿ ಮಾತನಾಡುವಾಗ ಸಿಟ್ಟಿನ ಭಾಷಣ ಬೇಡ. ಯಾವ ಸರ್ವೆ ನಂಬರು, ಯಾವ ಬಾವಿ, ಯಾವ ಖಬರಸ್ಥಾನ, ಎಷ್ಟು ಮನೆ, ಬದಲಿ ದಾರಿಯನ್ನು ಏಕೆ ಪರಿಗಣಿಸಲಿಲ್ಲ ಎಂಬುದನ್ನು ಕೇಳಿದರೆ ಸಾಕು. ನೆರೆಯ ಓಣಿಯ ಹಿಂದೂ ಬಾಂಧವರ ಬಾವಿಯೂ ಅದೇ ಗೆರೆಯೊಳಗೆ ಬರುತ್ತಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ, ಕೆಟ್ಟ ನೀರು ಧರ್ಮ ಕೇಳಿ ಹರಿಯುವುದಿಲ್ಲ. ಅನುಮತಿ ಸಿಕ್ಕಿತೆಂದು ತಿಳಿದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ, ಸೂಕ್ತ ಕಾರಣವಿದ್ದರೆ ಇನ್ನೂ 60 ದಿನ. ನಮ್ಮ ಭಾಗಕ್ಕೆ ಪೀಠ ಚೆನ್ನೈಯಲ್ಲಿದೆ. ಅಲ್ಲಿ ಕೈಹಿಡಿಯುವುದು ಮೊದಲು ಕೊಟ್ಟ ಲಿಖಿತ ಆಕ್ಷೇಪವೇ. ಅದನ್ನು ಎರಡು ಪ್ರತಿ ಮಾಡಿ, ಹೆಸರು, ವಿಳಾಸ, ದಿನಾಂಕ ಬರೆದು ಸಹಿ ಹಾಕಿ. ಒಂದನ್ನು ಕಚೇರಿಗೆ ಕೊಡಿ, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.